ಅತ್ತೆಯ ಎರಡು ತೋಳಿನ ಅಳತೆ

ಅತ್ತೆಯ ಬಲತೋಳು ಎಡತೋಳಿಗಿಂತ ದಪ್ಪವಾಗಿದೆ ಎಂಬುದು ನನಗೆ ಗೊತ್ತಾದದ್ದು ಜಂಪರಿನ ಅಳತೆ ತೆಗೆಯುವಾಗ. ಅಥಣಿಯಲ್ಲಿ ಅವರ ತಮ್ಮನ ಮೊಮ್ಮಗಳ ಮದುವೆಯಿತ್ತು, ಹೊಸ ಸೀರೆಗೆ ಜಂಪರು ಹೊಲಿಯಬೇಕಿತ್ತು. ಏಕಸಂಬಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹದಿನೆಂಟು ವರ್ಷಗಳಿಂದ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಊರಿನ ಅರ್ಧ ಹೆಂಗಸರ ಅಳತೆ ನನ್ನ ವಹಿಯಲ್ಲಿದೆ. ಆದರೆ ಮನೆಯಲ್ಲೇ ಇದ್ದ ಅತ್ತೆ ಎರಡು ವರ್ಷದಿಂದ ಟೇಪಿನ ಹತ್ತಿರ ಬಂದಿರಲಿಲ್ಲ. ಕೇಳಿದಾಗಲೆಲ್ಲ "ಹಳೇ ಅಳತಿ ಮ್ಯಾಲೆ ಹೊಲಿ, ನಾ ಏನ ಬೆಳ್ಯಾಕತ್ತೀನೇನ ಈಗ?" ಎಂದು ಮಾತು ಮುಗಿಸುತ್ತಿದ್ದರು.

ಅಂದು ನಾನು ಬಿಡಲಿಲ್ಲ. ಎಡತೋಳು ಅಳೆದೆ, ಹತ್ತೂವರೆ ಇಂಚು. ಬಲತೋಳಿಗೆ ಬಂದಾಗ ಅತ್ತೆ ಕೈಯನ್ನು ಮೈಗೆ ಒತ್ತಿಕೊಂಡರು.

"ಅದೂ ಅಷ್ಟ ಐತಿ. ಬರಕೋ."

"ಅಳೀದ ಹೆಂಗ ಬರಕೊಳ್ಳಲಿರೀ ಅತ್ತಿ?" ಎಂದು ನಗುತ್ತಲೇ ಸೆರಗು ಸರಿಸಿದೆ. ಸರಿಸಿದವಳು ಹಾಗೇ ನಿಂತುಬಿಟ್ಟೆ. ಅವರು ತೊಟ್ಟಿದ್ದ ಹಳೆಯ ಜಂಪರಿನ ಬಲತೋಳಿನ ಹೊಲಿಗೆಯನ್ನು ಕಂಕುಳಿಂದ ಕೊನೆಯವರೆಗೆ ಬ್ಲೇಡಿನಿಂದ ಬಿಚ್ಚಲಾಗಿತ್ತು. ಎರಡು ಪಿನ್ನುಗಳು ಅದನ್ನು ಹೇಗೋ ಹಿಡಿದುಕೊಂಡಿದ್ದವು. ನಾನೇ ಹೊಲಿದ ಜಂಪರು ಅದು. ಟೇಪು ಸುತ್ತಿದೆ. ಹದಿಮೂರು ಇಂಚಿಗೆ ಸ್ವಲ್ಪ ಕಡಿಮೆ.

"ಯಾವಾಗಿಂದ್ರೀ ಇದು?"

"ದೀಪಾವಳಿಯಿಂದ. ಮೊದಲ ಸಂಜೀಕಷ್ಟ ಬಾವು ಬರತಿತ್ತು, ಮುಂಜಾನೆ ಇಳೀತಿತ್ತು. ಈಗ ಇಳೀವಲ್ದು."

"ಹೇಳೂದಿಲ್ಲೇನ್ರೀ?"

"ಹೇಳಿದ್ರ ಮತ್ತ ಮಿರಜಿಗೆ ಕರಕೊಂಡ ಹೊಕ್ಕೀರಿ. ಮತ್ತ ಕೊಯ್ತಾರ."

ಎರಡು ವರ್ಷದ ಹಿಂದೆ ಮಿರಜಿನಲ್ಲಿ ಅತ್ತೆಯ ಬಲಗಡೆಯ ಎದೆಗೆ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಎದೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಕೈಯ ಕಾಳಜಿ ಹೇಗೆ ಮಾಡಬೇಕೆಂದು ಆಗಲೇ ಹೇಳಿ, ಒಂದು ಕಾಗದವನ್ನೂ ಕೊಟ್ಟಿದ್ದರು. ಅದನ್ನು ನಾವು ಟ್ರಂಕಿನಲ್ಲಿ ಇಟ್ಟು ಮರೆತಿದ್ದೆವು. ಕೂದಲು ಉದುರಿದಾಗಲೂ ಕಣ್ಣೀರು ಹಾಕದ ಹೆಂಗಸು ನನ್ನ ಅತ್ತೆ. ಔಷಧ ಮುಗಿದ ತಿಂಗಳೊಳಗೆ ಮತ್ತೆ ಎಮ್ಮೆಯ ಕೆಳಗೆ ಕೂತು ಹಾಲು ಹಿಂಡಿದ್ದರು. ಗೆದ್ದೆವು ಎಂದುಕೊಂಡಿದ್ದೆವು. ಊರಿನವರ ಮೈಯ ಕಾಲಿಂಚಿನ ವ್ಯತ್ಯಾಸವನ್ನೂ ಕಣ್ಣಳತೆಯಲ್ಲೇ ಹೇಳುವ ನನಗೆ, ದಿನವೂ ಎದುರಿಗೆ ಕೂತು ಉಣ್ಣುವವರ ಕೈ ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಜವಾನರು. ಮರುದಿನವೇ ರಜೆ ಹಾಕಿ ಅವ್ವನನ್ನು ಮಿರಜಿಗೆ ಕರೆದೊಯ್ದರು. ಡಾಕ್ಟರು ಎಲ್ಲ ತಪಾಸಣೆ ಮಾಡಿ, ಕ್ಯಾನ್ಸರ್ ಮರಳಿ ಬಂದಿಲ್ಲ, ಕೈಯಲ್ಲಿ ನೀರು ನಿಂತಿದೆ, ಕೊಯ್ಯುವ ಮಾತಿಲ್ಲ ಎಂದರು. ಚಿಕ್ಕೋಡಿಯಲ್ಲಿ ಇದನ್ನು ಕಲಿತ ಒಬ್ಬ ಫಿಜಿಯೋಥೆರಪಿ ಮೇಡಮ್ ಇದ್ದಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಚಿಕ್ಕೋಡಿಗೆ ಅತ್ತೆಯನ್ನು ನಾನೇ ಕರೆದೊಯ್ದೆ. ಮೇಡಮ್ ನೋಡಲು ಕಾಲೇಜು ಹುಡುಗಿಯಂತಿದ್ದರು. ಅತ್ತೆಯ ಮುಂಗೈಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು ಬಿಟ್ಟರು. ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಒಂದು ತಗ್ಗು ಬಿತ್ತು. ಅದು ತುಂಬಿಕೊಳ್ಳುವವರೆಗೆ ಮೂವರೂ ನೋಡುತ್ತ ಕೂತೆವು. ಬಹಳ ಹೊತ್ತು ಹಿಡಿಯಿತು.

"ಆಯೀ, ಮೈಯಾಗ ರಕ್ತ ಹರದಾಡಿದಂಗ ಇನ್ನೊಂದು ನೀರೂ ಹರದಾಡತೈತ್ರಿ. ಪುಸ್ತಕದಾಗ ಅದಕ್ಕ ದುಗ್ಧರಸ ಅಂತಾರ. ನಿಮ್ಮ ಬಗಲಾಗಿನ ಗಂಟು ತಗದಾರಲ್ರಿ, ಆ ನೀರು ಹೋಗೂ ದಾರಿ ಕಡಿಮಿ ಆಗ್ಯಾವು. ಅದಕ್ಕ ಕೈಯಾಗ ನಿಂತೈತಿ."

"ದುಗ್ಧ ಅಂದ್ರ ಹಾಲಲ್ಲೇನ?" ಎಂದರು ಅತ್ತೆ. "ಇಷ್ಟು ವರ್ಷ ಎಮ್ಮಿ ಹಿಂಡಿದ್ದಕ್ಕ ನನ್ನ ಕೈಯಾಗ ಹಾಲ ತುಂಬೇತೇನ?"

ಮೇಡಮ್ಮೂ ನಕ್ಕರು. ಆಮೇಲೆ ಅತ್ತೆಯನ್ನು ಮಲಗಿಸಿ ಮಾಲೀಶು ಶುರು ಮಾಡಿದರು. ಎಣ್ಣೆಯಿಲ್ಲ, ಬಿಗಿಯಿಲ್ಲ. ಬೆರಳುಗಳನ್ನು ಚರ್ಮದ ಮೇಲೆ ಚಪ್ಪಟೆಯಾಗಿಟ್ಟು ನಿಧಾನವಾಗಿ ಒಂದು ಕಡೆಗೆ ಎಳೆದು ಬಿಡುವುದು, ಮತ್ತೆ ಎಳೆದು ಬಿಡುವುದು, ಅಷ್ಟೇ. ಅದೂ ಬಾವಿದ್ದ ಕೈಯನ್ನು ಮುಟ್ಟದೆ ಕುತ್ತಿಗೆಯಿಂದ ಶುರು ಮಾಡಿ, ಎದೆ ದಾಟಿ, ಎಡಗಂಕುಳಿಗೆ ಹೋದರು. ಅತ್ತೆಗೆ ಕಚಗುಳಿ. "ನಾ ಎಮ್ಮಿ ಮೈ ತೊಳ್ಯಾಗ ಇದರಕಿಂತ ಜೋರ ತಿಕ್ಕತೀನಿ" ಎಂದರು.

ನನಗೂ ತಡೆಯಲಾಗಲಿಲ್ಲ. "ಬಾವು ಕೈಯಾಗ ಐತಿ, ನೀವು ಕುತ್ತಿಗಿ ಸವರಾಕತ್ತೀರಲ್ರಿ?"

"ಅಕ್ಕಾ, ಸೀಸನ್ ಟೈಮಿಗೆ ಸಕ್ಕರಿ ಫ್ಯಾಕ್ಟರಿ ಗೇಟ್ ಮುಂದ ಕಬ್ಬಿನ ಟ್ರ್ಯಾಕ್ಟರ್ ಪಾಳಿ ಹಚ್ಚಿರತಾವಲ್ರಿ. ಹಿಂದಿಂದು ನೂಕಿದ್ರ ಏನ ಬಂತು? ಮೊದಲ ಗೇಟಿನ ಹತ್ರ ಇದ್ದದ್ದು ಒಳಗ ಹೋಗಬೇಕು. ಆ ಮ್ಯಾಲೆ ಹಿಂದಿನವು ತಾವ ಸರೀತಾವು. ಮತ್ತ ಈ ನೀರು ತೊಗಲಿನ ಕೆಳಗ ಇರತೈತಿ, ಜೋರ ಒತ್ತಿದ್ರ ಇದ್ದ ದಾರೀನೂ ಮುಚ್ಚತೈತಿ."

ಈ ಮಾತು ಅತ್ತೆಗೆ ಒಪ್ಪಿಗೆಯಾಯಿತು. ನನಗೆ ಮಾತ್ರ ಇನ್ನೊಂದು ಅನುಮಾನ ಉಳಿದಿತ್ತು. "ಇದರಿಂದ ಗುಣ ಆಗಾಕತ್ತೈತೋ ಇಲ್ಲೋ, ನಮಗ ಹೆಂಗ ಗೊತ್ತಾಗಬೇಕ್ರಿ?"

ಮೇಡಮ್ ಕೈ ನಿಲ್ಲಿಸಿ ನನ್ನತ್ತ ತಿರುಗಿದರು. "ಚೊಲೋ ಕೇಳಿದ್ರಿ. ಮಾಲೀಶ ಮುಗದ ಕೂಡಲೇ ಕೈ ಹಗುರ ಅನಸತೈತಿ, ಅದನ್ನಷ್ಟ ನಂಬಬ್ಯಾಡ್ರಿ. ಮರದಿನ ಮುಂಜಾನೆ ಎಷ್ಟು ಉಳದೈತಿ ಅಂಬೂದು ಖರೆ. ಅದು ಉಳೀಬೇಕಂದ್ರ ಮಾಲೀಶ ಒಂದ ಸಾಲೂದಿಲ್ಲ, ಪಟ್ಟಿ ಸುತ್ತಬೇಕು, ಕೈ ಆಡಸಬೇಕು. ಕಣ್ಣಿಲೆ ನೋಡಬ್ಯಾಡ್ರಿ, ಟೇಪಿಲೆ ನೋಡ್ರಿ. ದಿನಾ ಅಳೀಬ್ಯಾಡ್ರಿ, ವಾರಕ್ಕೊಮ್ಮೆ, ಒಂದ ಹೊತ್ತಿಗೆ, ಒಂದ ಜಾಗಾಕ್ಕ. ಮತ್ತ ಎಡಗೈನೂ ಅಳೀರಿ."

"ಎಡಗೈಗೆ ಏನೂ ಆಗಿಲ್ಲಲ್ರಿ?"

"ಅದಕ್ಕಽ ಅಳೀಬೇಕು."

ಆ ಮಾತಿನ ಅರ್ಥ ನನಗೆ ಅಂದು ಹೊಳೆಯಲಿಲ್ಲ. ಚೀಲದಿಂದ ನನ್ನ ಟೇಪು ತೆಗೆದು ಸ್ವಲ್ಪ ಜಂಬದಿಂದಲೇ, "ನಾ ಟೇಲರ್ ಅದೀನ್ರಿ ಮೇಡಮ್" ಎಂದೆ. ಅವರು ಟೇಪನ್ನು ತಿರುವಿ ಸೆಂಟಿಮೀಟರಿನ ಮಗ್ಗುಲು ತೋರಿಸಿದರು. ಹದಿನೆಂಟು ವರ್ಷ ಕೈಯಲ್ಲಿ ಹಿಡಿದಿದ್ದರೂ ನಾನು ಆ ಮಗ್ಗುಲನ್ನು ಓದಿರಲೇ ಇಲ್ಲ. ಅವರು ಮೊಣಕೈಯಿಂದ ಮೇಲೆ ಹತ್ತು ಸೆಂಟಿಮೀಟರಿಗೆ ಪೆನ್ನಿನಿಂದ ಗುರುತು ಹಾಕಿದರು, ಕೆಳಗೂ ಹಾಗೇ, ಮಣಿಕಟ್ಟಿಗೂ ಒಂದು. ಮೇಲಿನ ಗುರುತಿನ ಹತ್ತಿರ ಬಲತೋಳು ಮೂವತ್ತೆರಡೂವರೆ, ಎಡತೋಳು ಇಪ್ಪತ್ತೇಳು.

ಮೂರು ವಾರ ದಿನ ಬಿಟ್ಟು ದಿನ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದೆವು. ಮೇಡಮ್ ಮಾಡುವುದನ್ನು ನೋಡಿ ನೋಡಿ ಮನೆಯಲ್ಲಿ ನಾನು ಮಾಡತೊಡಗಿದೆ. ನಿಪ್ಪಾಣಿಯ ಮೆಡಿಕಲ್ ಅಂಗಡಿಯಿಂದ ನಮ್ಮ ಮನೆಯವರು ಅಗಲವಾದ ಪಟ್ಟಿಗಳನ್ನು ತಂದರು. ಅವನ್ನು ಬೆರಳಿನಿಂದ ಕಂಕುಳವರೆಗೆ ಪದರು ಪದರಾಗಿ ಸುತ್ತುವುದು, ಕೆಳಗೆ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ. ಬಟ್ಟೆಯ ಕೆಲಸವಾದ್ದರಿಂದ ನನಗೆ ಬೇಗ ಕೈಗೆ ಬಂತು. ಪಟ್ಟಿ ಕಟ್ಟಿದ ಕೈಯಲ್ಲೇ ಅತ್ತೆ ಮುಷ್ಟಿ ಬಿಗಿದು ಬಿಡುತ್ತ, ಕೈ ಎತ್ತಿ ಇಳಿಸುತ್ತ ಎಮ್ಮೆಗಳ ಮುಂದೆ ಕೂತಿರುತ್ತಿದ್ದರು. ಹಾಲು ಹಿಂಡುವ ಕೆಲಸ ಆಗ ನನ್ನ ಪಾಲಿಗೆ ಬಂತು. ನನ್ನ ಹಿಂಡುವಿಕೆಯನ್ನು ಅವರು ಒಂದು ದಿನವೂ ಹೊಗಳಲಿಲ್ಲ.

ವಹಿಯಲ್ಲಿ ಅಂಕಿ ಇಳಿಯತೊಡಗಿತು. ಮೂವತ್ತೆರಡೂವರೆ, ಮೂವತ್ತೆರಡು, ನಾಲ್ಕನೆಯ ವಾರಕ್ಕೆ ಮೂವತ್ತೊಂದೂವರೆ. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ. ಜಂಪರು ಒಯ್ಯಲು ಬಂದವರಿಗೂ ವಹಿ ತೆಗೆದು ತೋರಿಸಿದೆ. ಆದರೆ ಅತ್ತೆ, "ಕೈ ಅಷ್ಟೇನ ಹಗುರ ಆಗಿಲ್ಲ ತಂಗಿ. ನೀ ಅಂತೀ ಅಂದ್ರ ಆಗಿರಬೇಕು" ಎನ್ನುತ್ತಿದ್ದರು. ಹೆಬ್ಬೆರಳು ಒತ್ತಿದರೆ ಬೀಳುವ ತಗ್ಗು ಕೂಡ ಮೊದಲಿನಷ್ಟೇ ಹೊತ್ತು ನಿಲ್ಲುತ್ತಿತ್ತು.

ಒಂದು ಸೋಮವಾರ ಮುಂಜಾನೆ ಹೊಸ ಅಂಕಿ ಬರೆಯುವಾಗ ಮಗ್ಗುಲಿನ ಸಾಲಿನ ಮೇಲೆ ಕಣ್ಣು ಹೋಯಿತು. ಎಡಗೈಯ ಸಾಲು ಅದು. ನಾನು ಬರೆಯುತ್ತಿದ್ದೆ, ಓದಿರಲಿಲ್ಲ. ಇಪ್ಪತ್ತೇಳಿದ್ದ ಎಡಗೈ ಇಪ್ಪತ್ತಾರೂವರೆ ಆಗಿತ್ತು.

ಏನೂ ಆಗದ ಕೈ ಯಾಕೆ ಸಣ್ಣಗಾಗಬೇಕು? ಅತ್ತೆಯ ಊಟ ಕಡಿಮೆಯಾಗಿರಲಿಲ್ಲ. ಮುಖ ಇಳಿದಿರಲಿಲ್ಲ. ಟೇಪನ್ನು ಮತ್ತೆ ಎಡಗೈಗೆ ಸುತ್ತಿ ಎಳೆಯದೆ ಸುಮ್ಮನೆ ಬಿಟ್ಟೆ. ಇಪ್ಪತ್ತೇಳು. ಬೆರಳು ಸ್ವಲ್ಪ ಬಿಗಿ ಮಾಡಿದೆ. ಇಪ್ಪತ್ತಾರೂವರೆ. ಆಗ ತಿಳಿಯಿತು. ಕಡಿಮೆಯಾಗಲಿ, ಕಡಿಮೆಯಾಗಲಿ ಎಂದು ಬಯಸಿ ಬಯಸಿ ನನ್ನ ಬೆರಳುಗಳು ತಾವೇ ಟೇಪನ್ನು ಎಳೆಯುತ್ತಿದ್ದವು. ವಹಿಯಲ್ಲಿ ಇಳಿದಿದ್ದ ಒಂದು ಸೆಂಟಿಮೀಟರಿನಲ್ಲಿ ಅರ್ಧ ನನ್ನ ಬೆರಳಿನದು.

ಎಂಥ ಗಿರಾಕಿಗೂ ನಾನು ತಪ್ಪು ಅಳತೆಯಲ್ಲಿ ಹೊಲಿದವಳಲ್ಲ. ಅಳುವೇ ಬಂತು. ಅತ್ತೆಗೆ ಹೇಳದೆ ಇರಲಾಗಲಿಲ್ಲ.

"ಸುಳ್ಳ ಬರದಿಯೇನ?" ಎಂದರು.

"ಬೇಕಂತ ಅಲ್ರೀ ಅತ್ತಿ. ಕೈ ಎಳದಾವು."

ಅವರು ಬಲಗೈ ಮುಂದೆ ಚಾಚಿದರು. "ಹಂಗಾರ ಖರೇವು ಎಷ್ಟೈತಿ ನೋಡು. ಅಂಜಬ್ಯಾಡ."

ಟೇಪನ್ನು ಅದರ ಭಾರಕ್ಕೇ ಬಿಟ್ಟು ಅಳೆದೆ. ಮೂವತ್ತೆರಡು. ನಿಜವಾಗಿ ಇಳಿದದ್ದು ಅರ್ಧ ಸೆಂಟಿಮೀಟರು. ಹಿಂದಿನ ಅಂಕಿಗಳ ಮೇಲೆ ಗೆರೆ ಎಳೆದು ಅದನ್ನು ಬರೆದೆ. ಆ ಅರ್ಧ ಸೆಂಟಿಮೀಟರು ಸಣ್ಣದಿರಬಹುದು, ಆದರೆ ಅದು ಖರೆ ಎಂದು ನನಗೆ ಗೊತ್ತಿತ್ತು. ಮುಂದಿನ ಸಲ ಚಿಕ್ಕೋಡಿಯಲ್ಲಿ ಮೇಡಮ್‌ಗೆ ಇದನ್ನು ಹೇಳಿದಾಗ ಅವರು ವಹಿ ಇಸಿದುಕೊಂಡು ಗೆರೆ ಎಳೆದ ಸಾಲುಗಳನ್ನು ನೋಡಿ, "ಅಕ್ಕಾ, ಭಾಳ ಮಂದಿ ಎಡಗೈ ಅಳ್ಯೂದಽ ಬಿಡತಾರ್ರಿ. ನೀವು ಅಳದೂ ಅಳದ್ರಿ, ನಿಮ್ಮ ತಪ್ಪು ನೀವಽ ಹಿಡದ್ರಿ" ಎಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ಈ ಮಾತನ್ನು ಎರಡು ಸಲ ನನಗೇ ಹೇಳಿದರು, ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ.

ಅದೇ ವಾರ ನಮ್ಮ ನಾದಿನಿ ಬಂದಳು. ನಮ್ಮ ಮನೆಯವರ ತಂಗಿ. ಶಿರಗುಪ್ಪಿಗೆ ಕೊಟ್ಟಿದ್ದೇವೆ, ಕಬ್ಬಿನ ಹೊಲವಿದ್ದ ಮನೆ. ಪಟ್ಟಿ ಸುತ್ತಿದ ಕೈ ನೋಡಿ ಬಾಗಿಲಲ್ಲೇ ಅತ್ತಳು. ಆಮೇಲೆ ನಾನು ಮಾಲೀಶು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದಳು.

"ವೈನಿ, ಇದೇನ ಮಾಲೀಶರೀ? ಬೆಕ್ಕಿನ ಮೈ ಸವರಿದಂಗ ಐತಿ. ತಿಂಗಳ ಆತು, ಎಷ್ಟ ಇಳದೈತಿ?"

"ಅರ್ಧ ಸೆಂಟಿಮೀಟರ್" ಎಂದೆ.

ಅವಳ ಮುಖವೇ ಎಲ್ಲ ಹೇಳಿತು. ಅವಳ ಊರ ಕಡೆ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವ ಒಬ್ಬ ಹೆಂಗಸು ಇದ್ದಳಂತೆ. ಉಳುಕಿದ ಕಾಲು, ಹಿಡಿದ ಬೆನ್ನು ಎಲ್ಲ ಅವಳ ಕೈಯಲ್ಲಿ ನೆಟ್ಟಗಾಗುತ್ತವಂತೆ. "ಅವ್ವನ್ನ ಹದಿನೈದ ದಿನ ನನ್ನ ಕೂಡ ಕಳಸ್ರಿ" ಎಂದಳು. ನಾನು ಬೇಡ ಎಂದೆ, ನಮ್ಮ ಮನೆಯವರೂ ಬೇಡ ಎಂದರು. ಆದರೆ ಮಗಳ ಅಳು ತಾಯಿಗೆ ತಡೆಯಲಿಲ್ಲ. "ಆಕೀ ಸಮಾಧಾನಕ್ಕ ಹೋಗಿ ಬರತೀನಿ" ಎಂದು ಅತ್ತೆ ಹೊರಟರು. ಪಟ್ಟಿಗಳನ್ನು ಸುರುಳಿ ಸುತ್ತಿ ಅವರ ಚೀಲದಲ್ಲಿಟ್ಟೆ. ಅವನ್ನು ಅಲ್ಲಿ ಯಾರೂ ಬಿಚ್ಚಲಿಲ್ಲ.

ಹತ್ತನೆಯ ದಿನ ಮುಂಜಾನೆ ನಾದಿನಿಯ ಫೋನು. ಅವ್ವನಿಗೆ ಚಳಿ ಜ್ವರ, ಕೈ ಕೆಂಪಾಗಿ ಕೆಂಡದಂತೆ ಸುಡುತ್ತಿದೆ ಎಂದು ಅಳುತ್ತಿದ್ದಳು. ನಾವಿಬ್ಬರೂ ಗಾಡಿಯ ಮೇಲೆ ಕಾಗವಾಡ ದಾಟಿ ಶಿರಗುಪ್ಪಿ ಮುಟ್ಟುವ ಹೊತ್ತಿಗೆ ಅವಳ ಗಂಡ ಜೀಪು ತಯಾರು ಮಾಡಿದ್ದ. ಮಿರಜಿನಲ್ಲಿ ಐದು ದಿನ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟರು. ಗಟ್ಟಿಯಾಗಿ ತಿಕ್ಕಿದ್ದಕ್ಕೆ ತೊಗಲು ತರಚಿ, ಅಲ್ಲಿಂದ ಸೋಂಕು ಒಳಗೆ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಾದಿನಿ ನನ್ನ ಕೈ ಹಿಡಿದು, "ವೈನಿ, ಬಯ್ರಿ ನನಗ, ಸುಮ್ಮ ಇರಬ್ಯಾಡ್ರಿ" ಎಂದಳು. ಬಯ್ಯುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವಳು ಮಾಡಿದ್ದೂ ತಾಯಿಯ ಕೈ ಇಳಿಯಲಿ ಎಂದೇ. ನನ್ನ ಬೆರಳು ಟೇಪು ಎಳೆದದ್ದೂ ಅದಕ್ಕೇ. ಬಯ್ಯಲಿಲ್ಲ.

ಚಿಕ್ಕೋಡಿಯ ಮೇಡಮ್ ಮಾತ್ರ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಖಡಕ್ಕಾಗಿ ಹೇಳಿದರು. "ಕೈ ಕೆಂಪಾತು, ಬಿಸಿ ಆತು, ಜ್ವರ ಬಂತು ಅಂದ್ರ ಮಾಲೀಶ ಬಂದ್. ನಂದೂ ಬಂದ್. ಮೊದಲ ದವಾಖಾನಿ. ಡಾಕ್ಟರ್ ಹೂಂ ಅಂದ ಮ್ಯಾಲೆ ಚಾಲೂ." ಅಳೆದರೆ ಮೂವತ್ತನಾಲ್ಕು. ಶುರು ಮಾಡಿದಾಗ ಇದ್ದದ್ದಕ್ಕಿಂತಲೂ ಒಂದೂವರೆ ಹೆಚ್ಚು.

ಡಾಕ್ಟರು ಹೂಂ ಎಂದ ಮೇಲೆ ಮತ್ತೆ ಶುರು ಮಾಡಿದೆವು. ಈ ಸಲ ನಾದಿನಿ ನಮ್ಮಲ್ಲೇ ಉಳಿದು ಮಾಲೀಶು ಕಲಿತಳು. ಮೊದಲ ಸೋಮವಾರ ನಾನು ಟೇಪು ತೆಗೆದಾಗ ಅವಳು ಕೈ ಚಾಚಿದಳು.

"ಇಲ್ಲಿ ಕೊಡ್ರಿ ವೈನಿ. ನಾ ಅಳೀತೀನಿ. ನಿಮ್ಮ ವಹಿ ಮುಚ್ಚರಿ, ಹಿಂದಿನ ಲೆಕ್ಕ ನನಗ ಹೇಳಬ್ಯಾಡ್ರಿ."

ನನ್ನ ಮೇಲೆ ಅನುಮಾನವೇ ಎಂದು ಒಂದು ಗಳಿಗೆ ಸಿಟ್ಟು ಬಂತು. ಮರುಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಎನ್ನಿಸಿತು. ಹಿಂದಿನ ಅಂಕಿ ಗೊತ್ತಿಲ್ಲದ ಕೈ ಯಾವ ಕಡೆಗೆ ಎಳೆಯಲು ಸಾಧ್ಯ? ಅವಳು ಅಳೆದು ಕೂಗುವುದು, ನಾನು ಬೆನ್ನು ತಿರುಗಿಸಿ ಬರೆಯುವುದು ಎಂದಾಯಿತು. ಎರಡೂ ಕೈ, ಮೂರೂ ಗುರುತು, ಮುಂಜಾನೆ ಚಹಾದ ಮೊದಲು. ಅವಳು ಶಿರಗುಪ್ಪಿಗೆ ಮರಳಿದ ಮೇಲೂ ವಾರಕ್ಕೊಮ್ಮೆ ಭಾನುವಾರ ಸಂಜೆಯೇ ಬಸ್ಸು ಹಿಡಿದು ಇದಕ್ಕಾಗಿಯೇ ಬಂದಳು.

ಅಂಕಿ ಒಂದೇ ಸಮ ಇಳಿಯಲಿಲ್ಲ. ಒಂದು ವಾರ ಇಳಿದು, ಅತ್ತೆ ಅಥಣಿಯ ಮದುವೆಯ ಅಡುಗೆಗೆ ನಿಂತ ವಾರ ಮತ್ತೆ ಏರಿತು. ಬಿಸಿಲು ಹೆಚ್ಚಾದಾಗ ನಿಂತಲ್ಲೇ ನಿಂತಿತು. ಎಡಗೈ ಮಾತ್ರ ಇಪ್ಪತ್ತೇಳು, ಇಪ್ಪತ್ತೇಳು ಎಂದು ಸಾಲಿಗೆ ಸಾಲು ಹಾಗೇ ನಿಂತಿತ್ತು. ಆ ಸಾಲನ್ನು ನೋಡಿದಾಗಲೆಲ್ಲ ಪಕ್ಕದ ಸಾಲನ್ನು ನಂಬುವ ಧೈರ್ಯ ಬರುತ್ತಿತ್ತು. ಮೂವತ್ತೆರಡಕ್ಕೆ ಬಂದಾಗ ಒತ್ತಿದ ತಗ್ಗು ಬೇಗ ತುಂಬತೊಡಗಿತು. ಮೂವತ್ತೊಂದಕ್ಕೆ ಬಂದಾಗ ತೋಳಿನ ತೊಗಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯಲು ಬಂತು. ಮೊದಲು ಅದು ತುಂಬಿದ ಮೂಟೆಯಂತೆ ಬಿಗಿದಿರುತ್ತಿತ್ತು.

ಒಂದು ದಿನ ನಾನು ಮಷಿನ್ ತುಳಿಯುತ್ತಿದ್ದಾಗ ಹಿತ್ತಲಿನಿಂದ ಅತ್ತೆಯ ಕೂಗು ಕೇಳಿತು. ಏನಾಯಿತೋ ಎಂದು ಓಡಿದೆ. ಅವರು ಬಿಸಿಲಿಗೆ ಬಲಗೈ ಹಿಡಿದು ನಿಂತಿದ್ದರು.

"ನೋಡ ಇಲ್ಲಿ. ನರಾ ಕಾಣಾಕತ್ತಾವು!"

ಮುಂಗೈಯ ಮೇಲೆ ಹಸಿರು ನರಗಳು ಎದ್ದು ಕಾಣುತ್ತಿದ್ದವು. ಬೆರಳು ಆಡಿಸಿದರೆ ಅವುಗಳ ಪಕ್ಕದಲ್ಲಿ ಎಲುಬಿನ ಗೆರೆಗಳೂ ಆಡುತ್ತಿದ್ದವು. ಎಷ್ಟೋ ತಿಂಗಳಾಗಿತ್ತು ಅವು ಕಾಣದೆ. "ನಿನ್ನ ಟೇಪ ನಿನಗ, ನನಗ ಇದಽ ಸಾಕ್ಷಿ" ಎಂದು ಅತ್ತೆ ಎಮ್ಮೆಯ ಹತ್ತಿರ ಹೋಗಿ ಚರಿಗೆ ಹಿಡಿದು ಕೂತರು. ಎರಡೂ ಕೈಯಿಂದ ಹಿಂಡಿದರು. ನಾನು ಬೇಡ ಎನ್ನಲು ಹೋದವಳು ನೊರೆ ಏರುವುದನ್ನು ನೋಡುತ್ತ ನಿಂತೆ. ಅರ್ಧ ಹಿಂಡಿ ತಾವೇ ಎದ್ದರು. "ಉಳದದ್ದು ನೀ ಹಿಂಡು. ಮೇಡಮ್ ಸಾವಕಾಶ ಅಂದಾಳ."

ಅಂದು ಅವರ ನಡಿಗೆಯಲ್ಲಿ ಏನೋ ಇತ್ತು. ಓಣಿಯಲ್ಲಿ ಕರೆದು ಕರೆದು ಕೈ ತೋರಿಸಿದರು. ನನಗೆ ಹೇಳಿಕೊಳ್ಳಲು ಸಂಕೋಚವಿಲ್ಲ, ನನಗೂ ಅಂದು ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಆರು ತಿಂಗಳ ಹೊತ್ತಿಗೆ ಬಲತೋಳು ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಎಡಗೈಗಿಂತ ಎರಡು ಹೆಚ್ಚು. ಅದು ಪೂರ್ತಿ ಸರಿಯಾಗುವುದಿಲ್ಲ, ಇಷ್ಟನ್ನು ಉಳಿಸಿಕೊಳ್ಳುವುದೇ ಇನ್ನು ಕೆಲಸ ಎಂದು ಮೇಡಮ್ ಮೊದಲೇ ಹೇಳಿದ್ದರು. ಪಟ್ಟಿಯ ಬದಲು ಅಳತೆ ಕೊಟ್ಟು ತರಿಸಿದ ಬಿಗಿ ತೋಳುಚೀಲ ಬಂತು. ಆ ಎರಡು ಸೆಂಟಿಮೀಟರಿಗೆ ಮದ್ದು ನನ್ನ ಕತ್ತರಿಯಲ್ಲಿತ್ತು. ಜಂಪರಿನ ಎರಡು ತೋಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಕಂಕುಳಲ್ಲಿ ಒಂದು ಸಣ್ಣ ತುಂಡು ಕೂಡಿಸಿ, ತೋಳುಚೀಲವೂ ಒಳಗೆ ಕೂರುವಂತೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಎನ್ನಿಸುವಂತೆ ಹೊಲಿದೆ. ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಕೂತಿತು. ನನ್ನ ಕಸುಬಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಇನ್ನೊಂದು ಜಂಪರು ಹೊಲಿದಿಲ್ಲ. ಅದನ್ನು ನೋಡಿ ಮೇಡಮ್ ತಮ್ಮಲ್ಲಿಗೆ ಬರುವ ರಾಯಬಾಗದ ಇಬ್ಬರು ಹೆಂಗಸರನ್ನು ನನ್ನ ಹತ್ತಿರ ಕಳಿಸಿದರು. ಅವರಿಗೆ ಜಂಪರೂ ಹೊಲಿದೆ, ಟೇಪು ಹಿಡಿಯುವುದನ್ನೂ ಕಲಿಸಿದೆ. ಎರಡೂ ಕೈ ಅಳೆಯಿರಿ ಎಂಬುದೇ ಅವರಿಗೆ ನನ್ನ ಮೊದಲ ಮಾತು.

ಹೆಸರಾಯಿತು ನೋಡಿ, ನನಗೂ ಸ್ವಲ್ಪ ತಲೆ ತಿರುಗಿತು. ತೆಲಸಂಗದಿಂದ ಒಬ್ಬ ಹೆಂಗಸು ಬಂದರು, ಅಥಣಿಯ ನಮ್ಮ ಬೀಗರ ಪೈಕಿ, ಐವತ್ತರ ಮೇಲಿನವರು. ಎರಡೂ ಕಾಲು ಬಾತಿದ್ದವು. ದೂರದ ಊರಿನ ಒಂದು ಪಾರ್ಲರಿನಲ್ಲಿ ನೀರು ಇಳಿಸುವ ಮಾಲೀಶು ಎಂದು ಎರಡು ತಿಂಗಳಿನಿಂದ ಮಾಡಿಸಿಕೊಳ್ಳುತ್ತಿದ್ದರು. ಮೈಯ ವಿಷವೆಲ್ಲ ಹೋಗುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. "ಅಲ್ಲಿ ಮಾಡಿಸಿದ ದಿನ ಚೊಲೋ ಅನಸತೈತ್ರಿ. ಆದ್ರ ನಿಮ್ಮ ಕೈಗುಣ ಭಾಳ ಚೊಲೋ ಅಂತಾರ. ನನಗೂ ಮಾಡ್ರಿ" ಎಂದರು. ನಾನು ಸೆರಗು ಸಿಕ್ಕಿಸಿ ಚಾಪೆ ಹಾಸಲು ಎದ್ದೇಬಿಟ್ಟೆ.

ಕಟ್ಟೆಯ ಮೇಲಿಂದ ಅತ್ತೆ ಕೇಳಿದರು. "ಅಳದಿಯೇನ?"

"ಇನ್ನಾ ಇಲ್ರಿ."

"ಮೊದಲ ಅಳಿ."

ಅಳೆದೆ. ಎರಡೂ ಕಾಲು ಸರಿಸಮ. ಅವರನ್ನು ಊರಿಗೆ ಹೋಗಗೊಡದೆ ರಾತ್ರಿ ಉಳಿಸಿಕೊಂಡು ಮುಂಜಾನೆ ಮತ್ತೆ ಅಳೆದೆವು. ಹಿಂದಿನ ದಿನವಷ್ಟೇ ಪಾರ್ಲರಿನಲ್ಲಿ ಮಾಡಿಸಿಕೊಂಡು ಬಂದಿದ್ದರೂ ಒಂದು ಗೆರೆಯೂ ಕಡಿಮೆಯಿರಲಿಲ್ಲ, ಬದಲಿಗೆ ಸ್ವಲ್ಪ ಏರಿತ್ತು. ಚಹಾ ಕುಡಿಯುವಾಗ ಅತ್ತೆ ಅವರನ್ನು ಕೇಳಿದರು, "ಯಾಕ ತಂಗಿ, ಹಾಸಿಗ್ಯಾಗ ಎದ್ದ ಎದ್ದ ಕೂಡತಿದ್ದಿ?"

"ಮಲಗಿದ್ರ ದಮ್ಮ ಹತ್ತತೈತ್ರಿ. ಎರಡ ದಿಂಬ ಬೇಕಾಗತಾವು."

ಅತ್ತೆ ನನ್ನನ್ನು ಒಳಗೆ ಕರೆದರು. "ನನಗ ಒಂದ ಕೈಗೆ ಬಾವು ಬಂತು, ಯಾಕಂದ್ರ ಆ ಕಡೆ ಕೊಯ್ದಾರ. ಇಕೀಗಿ ಯಾರೂ ಕೊಯ್ದಿಲ್ಲ, ಎರಡೂ ಕಾಲು ಬಾತಾವು, ಮ್ಯಾಲೆ ದಮ್ಮು. ಇದು ನನ್ನಂಥದ್ದಲ್ಲ. ನೀ ಮುಟ್ಟಬ್ಯಾಡ. ಮೇಡಮ್‌ಗ ಫೋನ್ ಹಚ್ಚು."

ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆಯ ಮಾತನ್ನೇ ಮೇಡಮ್ ಫೋನಿನಲ್ಲಿ ಹೇಳಿದರು. ಅದು ಹೃದಯದ ತೊಂದರೆ ಇರಬಹುದು, ಅಂಥವರಿಗೆ ಈ ಮಾಲೀಶು ಮಾಡಿದರೆ ಅಪಾಯ, ಇವತ್ತೇ ಡಾಕ್ಟರ ಹತ್ತಿರ ಕಳಿಸಿ ಎಂದರು. ಆ ಹೆಂಗಸಿಗೆ ಬೇಸರವಾಯಿತು. ಅಷ್ಟು ದೂರದಿಂದ ಬಂದವಳನ್ನು ಮುಟ್ಟದೆ ಕಳಿಸುತ್ತೀರಲ್ಲ ಎಂದರು. ನಮ್ಮ ಮನೆಯವರು ಅವರ ಜೊತೆ ಅಥಣಿಯವರೆಗೆ ಹೋಗಿ ದವಾಖಾನೆಯಲ್ಲಿ ಕೂರಿಸಿಯೇ ಬಂದರು.

ತಿಂಗಳ ಮೇಲೆ ಅವರ ಫೋನು ಬಂತು. ಹೃದಯದ ಬಡಿತ ದುರ್ಬಲವಾಗಿತ್ತಂತೆ. ಗುಳಿಗೆ ಶುರುವಾದ ಎರಡು ವಾರಕ್ಕೆ ಕಾಲು ಇಳಿದವಂತೆ, ಈಗ ಒಂದೇ ದಿಂಬಿನ ಮೇಲೆ ನಿದ್ದೆ ಬರುತ್ತದಂತೆ. "ಇನ್ನ ನಾಕ ದಿನ ಆ ಮಾಲೀಶ ಮಾಡಸ್ಕೋತ ಕುಂತಿದ್ರ ನಾ ಉಳೀತಿರಲಿಲ್ಲಂತ ಡಾಕ್ಟರ್ ಅಂದ್ರು" ಎಂದರು. ಆಮೇಲೆ "ನಿಮ್ಮ ಅತ್ತೀಗಿ ಕೊಡ್ರಿ ಫೋನ" ಎಂದರು.

ಅತ್ತೆ ಫೋನು ಹಿಡಿದು ಬಹಳ ಹೊತ್ತು ಮಾತಾಡಿದರು. ಉಪ್ಪು ಕಡಿಮೆ ತಿನ್ನು, ಗುಳಿಗೆ ಬಿಡಬೇಡ ಎಂದೆಲ್ಲ ಡಾಕ್ಟರರ ಹಾಗೆ ಹೇಳಿದರು. ಕೊನೆಗೆ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು.

"ನಂದೇನೈತಿ ಇದರಾಗ? ನನ್ನ ಸೊಸಿ ಅಳದ್ಲು, ಅದಕ್ಕ ಗೊತ್ತಾತು. ಆಕಿ ಸುಳ್ಳ ಅಳತಿ ಬರಿಯೂದಿಲ್ಲ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಕಣ್ಣೊರೆಸಿಕೊಂಡು ಹೊರಗೆ ಬಂದು, ನನಗೆ ಏನೂ ಕೇಳಿಸಲೇ ಇಲ್ಲ ಎಂಬಂತೆ, "ಚಹಾ ಮಾಡಲೇನ್ರೀ ಅತ್ತಿ?" ಎಂದೆ.